ಮೀನು ಬಾಯಿ ಬಿಡುತ್ತಿದೆಯೇ? ಸುಣ್ಣಕ್ಕೆ ಮೊದಲು ನೀರು ಅಳೆಯಿರಿ

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಪಲ್ಪಿಂಗ್, ಅಂದರೆ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ, ಜೋರು. ಹಣ್ಣು ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಇರುತ್ತದೆ, ಬೇಗ ಹುಳಿಯುತ್ತದೆ. ಅದು ಹರಿದು ಮೀನಿನ ಹೊಂಡ ಸೇರಿದರೆ ಕಾಟ್ಲಾ, ರೋಹು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಹುಳಿ ತಗ್ಗಿಸಲು ತಕ್ಷಣ ಸುಣ್ಣದ ಚೀಲ ಬಿಚ್ಚುವವರೇ ಜಾಸ್ತಿ. ಸ್ವಲ್ಪ ತಡೆಯಿರಿ.

ಕಿವಿರಿನ ಪದರ ಬಹಳ ತೆಳು. ಹುಳಿ ನೀರು ತಾಗಿದರೆ ಅದು ಲೋಳೆ ಸುರಿಸುತ್ತದೆ. ಲೋಳೆ ದಪ್ಪವಾದಷ್ಟೂ ಆಮ್ಲಜನಕ ರಕ್ತಕ್ಕೆ ಸೇರುವುದು ಕಷ್ಟ. ರಕ್ತವೂ ಹುಳಿಯಾದರೆ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹಿಡಿಯುವ ಶಕ್ತಿ ತಗ್ಗುತ್ತದೆ. ಅಂದರೆ ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಸಿಗುವುದಿಲ್ಲ! ಜೊತೆಗೆ ಮೈಯೊಳಗಿನ ಉಪ್ಪಿನಂಶ ಕಿವಿರಿನ ಮೂಲಕ ಸೋರಿಹೋಗುತ್ತದೆ. ನೀರು ತೀರಾ ಹುಳಿಯಾದಾಗ ಮೀನು ಸಾಯುವುದು ಹೆಚ್ಚಾಗಿ ಇದರಿಂದಲೇ. ಮಲೆನಾಡಿನ ಮಣ್ಣೂ ಹುಳಿಯೇ ಅಲ್ವಾ? ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬಂದು ಕಿವಿರಿನ ಮೇಲೆ ಕೂರುವುದೂ ಉಂಟು.

ಮೊದಲ ಕೆಲಸ, ಪಲ್ಪರ್ ನೀರು ಬರುವ ದಾರಿ ಮುಚ್ಚುವುದು. ಆಮೇಲೆ ನೀರಿನ ಹುಳಿ ಅಳೆಯುವ ಪಿಎಚ್ ಪಟ್ಟಿ (ಪಿಎಚ್ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ತಂದು ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಮೂರರ ಹೊತ್ತಿಗೆ ಒಮ್ಮೆ ಅಳೆಯಿರಿ. ರಾತ್ರಿ ಪಾಚಿ, ಮೀನು ಎಲ್ಲವೂ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಬೆಳಿಗ್ಗೆ ಪಿಎಚ್ ಕಡಿಮೆ ಇರುತ್ತದೆ. ಒಂದೇ ಹೊತ್ತಿನ ಅಳತೆ ನಂಬಬೇಡಿ. 6.5ರಿಂದ 8.5ರ ನಡುವೆ ಇದ್ದರೆ ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನಿಗೆ ಒಳ್ಳೆಯದು. 6ರಿಂದ 5ಕ್ಕೆ ಇಳಿದರೆ ಹುಳಿ 10 ಪಟ್ಟು ಏರಿದೆ ಎಂದರ್ಥ.

ಪಿಎಚ್ ಸರಿಯಿದ್ದೂ ನಸುಕಿನಲ್ಲಿ ಮೀನು ಬಾಯಿ ಬಿಡುತ್ತಿದ್ದರೆ ಕೊರತೆ ಆಮ್ಲಜನಕದ್ದೇ ಇರಬಹುದು. ಪಂಪ್ ಹಾಕಿ ನೀರನ್ನು ಮೇಲಿಂದ ಚಿಮ್ಮಿಸಿ. ಅಲ್ಲಿ ಸುಣ್ಣ ಸುಮ್ನೆ ದಂಡ. ಪಲ್ಪರ್ ನೀರು ನುಗ್ಗಿದ್ದರೆ ಎರಡೂ ತೊಂದರೆ ಒಟ್ಟಿಗೇ ಬರುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೂ ಕಬಳಿಸುತ್ತವೆ. ಆಗ ಪಂಪೂ ಬೇಕು, ಸುಣ್ಣವೂ ಬೇಕು.

ಸುಣ್ಣ ಎಂದರೆ ಕೃಷಿ ಸುಣ್ಣ, ಅಂದರೆ ಸುಡದ ಸುಣ್ಣದ ಕಲ್ಲಿನ ಪುಡಿ. ಗುಂಟೆಗೆ 2 ಕೆಜಿಯಷ್ಟನ್ನು ನೀರಿನಲ್ಲಿ ಕದಡಿ, ಬೆಳಿಗ್ಗೆ ಹೊಂಡದ ತುಂಬಾ ಎರಚಿ. ಕೆಲವು ದಿನ ಬಿಟ್ಟು ಮತ್ತೆ ಅಳೆಯಿರಿ, ಸಾಲದಿದ್ದರೆ ಇನ್ನೊಮ್ಮೆ ಹಾಕಿ. ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣ ಮಾತ್ರ ಬೇಡವೇ ಬೇಡ. ಅದು ನೀರನ್ನು ಬಿಸಿ ಮಾಡಿ, ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ. ಹಾಗಾದಾಗ ನೀರಿನಲ್ಲಿರುವ ಅಮೋನಿಯಾ ವಿಷವಾಗುತ್ತದೆ. ಮೀನು ಚುರುಕಾಗಿ ಈಜುವವರೆಗೆ ಮೇವು ನಿಲ್ಲಿಸಿ. ಶುರು ಮಾಡುವಾಗಲೂ ಮೊದಲ ದಿನಗಳಲ್ಲಿ ಅರ್ಧ ಮೇವು ಸಾಕು.