ಒಂದೇ ಊರಿನ ಬೇರೆ ಬೇರೆ ಚರ್ಚುಗಳವರು ಒಟ್ಟಿಗೆ ಸೇರೋದು ಹೇಗೆ?

ಯಾವುದೇ ತಾಲ್ಲೂಕು ಊರನ್ನು ನೋಡಿ. ಮುಖ್ಯ ರಸ್ತೆಯಲ್ಲಿ ಹಳೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚ್, ಸ್ವಲ್ಪ ದೂರದಲ್ಲಿ ಕಥೋಲಿಕರ ದೇವಾಲಯ, ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ ಮಹಡಿಯ ಮೇಲೆ ಪೆಂತೆಕೋಸ್ತ್ ಸಭೆ, ಇನ್ಯಾರದ್ದೋ ಮನೆಯ ಹಾಲ್‌ನಲ್ಲಿ ಸೇರುವ ಹತ್ತಿಪ್ಪತ್ತು ಜನ. ಎಲ್ಲರೂ ಕರೆಯುವುದು ಒಬ್ಬನೇ ಯೇಸುವನ್ನು. ಆದರೆ ಪಾಸ್ಟರಿಗೆ ಫಾದರ್ ಹೆಸರು ಗೊತ್ತಿರುವುದಿಲ್ಲ, ಫಾದರಿಗೆ ಪಾಸ್ಟರ್ ಮನೆ ಎಲ್ಲಿ ಅಂತ ಗೊತ್ತಿರುವುದಿಲ್ಲ. ಸಾವಿನ ಮನೆಯಲ್ಲಿ ಎದುರಾದರೆ ಒಂದು ನಮಸ್ಕಾರ, ಅಷ್ಟೇ. ಇದು ಬದಲಾಗಬೇಕು ಅನಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಸಭಾಪಾಲಕರೇ ಆಗಿರಬೇಕು ಅಂತೇನಿಲ್ಲ. ಸಾಮಾನ್ಯ ವಿಶ್ವಾಸಿ ಶುರು ಮಾಡಿದರೆ ಎಷ್ಟೋ ಸಲ ಕೆಲಸ ಸುಲಭ, ಯಾಕೆಂದರೆ ಯಾರ ಅಧಿಕಾರಕ್ಕೂ ಕೈ ಹಾಕುತ್ತಿದ್ದಾರೆ ಅನ್ನುವ ಅನುಮಾನ ಬರುವುದಿಲ್ಲ.

ವ್ಯತ್ಯಾಸಗಳನ್ನು ಮುಚ್ಚಿಟ್ಟು ಒಗ್ಗಟ್ಟು ಕಟ್ಟಲು ಹೋಗಬೇಡಿ. ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದಾ, ಮರಿಯಮ್ಮನವರಿಗೆ ಯಾವ ಸ್ಥಾನ, ಪವಿತ್ರಾತ್ಮನ ಪ್ರೇರಣೆಯಿಂದ ಕಲಿಯದ ಭಾಷೆಯಲ್ಲಿ, ಅಂದರೆ ಅನ್ಯಭಾಷೆಯಲ್ಲಿ, ಮಾತಾಡುವುದು ಇಂದಿಗೂ ಇದೆಯಾ, ಪರಮಪ್ರಸಾದದಲ್ಲಿ (ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ) ಏನಾಗುತ್ತದೆ, ಇವೆಲ್ಲ ಸಣ್ಣ ವಿಷಯಗಳಲ್ಲ. ಜನ ಇವಕ್ಕಾಗಿ ಬದುಕಿದ್ದಾರೆ, ಸತ್ತಿದ್ದಾರೆ. 1952ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಸೇರಿದ್ದ ಬೇರೆ ಬೇರೆ ಚರ್ಚುಗಳ ಪ್ರತಿನಿಧಿಗಳು ಒಂದು ಪ್ರಶ್ನೆ ಕೇಳಿಕೊಂಡರು: ಬೇರೆಯಾಗಿಯೇ ಮಾಡಬೇಕು ಅಂತ ಮನಸ್ಸಾಕ್ಷಿ ಒತ್ತಾಯಿಸುವ ವಿಷಯಗಳನ್ನು ಬಿಟ್ಟು, ಉಳಿದದ್ದೆಲ್ಲವನ್ನೂ ನಾವು ಒಟ್ಟಿಗೇ ಮಾಡಬೇಕಲ್ವಾ? ನನ್ನ ಪ್ರಕಾರ ನಮ್ಮ ಊರುಗಳಿಗೆ ಇಷ್ಟೇ ಸಾಕು. ಯಾವುದನ್ನು ಒಟ್ಟಿಗೆ ಮಾಡಲು ಆಗುವುದಿಲ್ಲ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಉಳಿದದ್ದನ್ನು ಬೇರೆ ಬೇರೆ ಮಾಡಲು ಕಾರಣವೇ ಇಲ್ಲ.

ಹಾಗಾಗಿ ನೇರವಾಗಿ ಮೀಟಿಂಗ್ ಕರೆಯಬೇಡಿ. ಒಬ್ಬೊಬ್ಬರನ್ನೇ ಅವರವರ ಜಾಗಕ್ಕೆ ಹೋಗಿ ಭೇಟಿ ಮಾಡಿ. ಫೋನ್ ಸಾಲದು. "ನಿಮ್ಮಿಂದ ಯಾವುದು ಆಗುವುದಿಲ್ಲ ಹೇಳಿ" ಅಂತ ಬಾಯಿ ಬಿಟ್ಟು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ವಾದ ಮಾಡಬೇಡಿ. ಕಥೋಲಿಕರು ಬಲಿಪೂಜೆಯಲ್ಲಿ ಎಲ್ಲರಿಗೂ ಪರಮಪ್ರಸಾದ ಕೊಡುವುದಿಲ್ಲ. ಅದನ್ನು ಅವಮಾನ ಅಂದುಕೊಳ್ಳದೆ, ಒಟ್ಟಿಗೆ ಸೇರುವ ದಿನ ಕರ್ತನ ಭೋಜನವನ್ನೇ ಇಟ್ಟುಕೊಳ್ಳಬೇಡಿ. ಪೆಂತೆಕೋಸ್ತ್ ಮತ್ತು ಬ್ರದರನ್ ಸಭೆಗಳವರು ವಿಶ್ವಾಸ ಪ್ರಮಾಣವನ್ನು (ನಂಬಿಕೆಯ ಸಾರ ಹೇಳುವ ಪಾಠ) ಬಾಯಿಪಾಠ ಹೇಳುವುದಿಲ್ಲ, ಅದನ್ನೂ ಬಿಡಿ. ಕಥೋಲಿಕರಲ್ಲಿ ಯಾರಾದರೂ ಹಿರಿಯರು "ಅವರ ಜೊತೆ ಪ್ರಾರ್ಥನೆ ಮಾಡಬಹುದಾ" ಅಂತ ಹಿಂಜರಿದರೆ, 1964ರಲ್ಲೇ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಐಕ್ಯಕ್ಕಾಗಿ ಇತರ ಕ್ರೈಸ್ತರ ಜೊತೆ ಪ್ರಾರ್ಥಿಸುವುದನ್ನು ಒಪ್ಪಿದೆ, ಪ್ರೋತ್ಸಾಹಿಸಿದೆ ಅಂತ ಮೆಲ್ಲಗೆ ಹೇಳಿ.

ದಿನ ಹುಡುಕಲು ಒದ್ದಾಡಬೇಕಿಲ್ಲ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಇದೆ, 1908ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದೂ ಕಷ್ಟವಾದರೆ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಹೆಂಗಸರು ನಡೆಸುವ ವಿಶ್ವ ಪ್ರಾರ್ಥನಾ ದಿನ ಇದೆ. ಪಾಸ್ಟರುಗಳು ಮೀನಮೇಷ ಎಣಿಸುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ. ಹೆಂಗಸರು ತರಕಾರಿ ಅಂಗಡಿಯಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ ಆಗಲೇ ಪರಿಚಯವಾಗಿರುತ್ತಾರೆ.

ಕಾರ್ಯಕ್ರಮ ಒಂದು ಗಂಟೆ ಮೀರದಿರಲಿ. ಒಂದು ಕೀರ್ತನೆಯನ್ನು ಎಡಗಡೆ ಕೂತವರು ಒಂದು ವಚನ, ಬಲಗಡೆಯವರು ಒಂದು ವಚನ ಅಂತ ಓದಿ. ಆಮೇಲೆ ಯೋಹಾನನ 17ನೇ ಅಧ್ಯಾಯ, ಶಿಷ್ಯರೆಲ್ಲ ಒಂದಾಗಿರಲಿ ಅಂತ ಯೇಸು ಪ್ರಾರ್ಥಿಸುವ ಭಾಗ. ಪ್ರಸಂಗ ಹತ್ತು ನಿಮಿಷ, ಒಬ್ಬರೇ. ಎಲ್ಲ ಸಭೆಯವರಿಗೂ ಐದೈದು ನಿಮಿಷ ಅಂತ ಹಂಚಿದಿರೋ, ಅದು ಪೈಪೋಟಿಯಾಗುತ್ತದೆ. ಪ್ರಾರ್ಥನೆಯನ್ನು ಮಾತ್ರ ಹಂಚಿ: ಊರಿನ ಆಸ್ಪತ್ರೆಯಲ್ಲಿ ಮಲಗಿರುವವರಿಗಾಗಿ ಒಬ್ಬರು, ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಒಬ್ಬರು, ಕೆಲಸವಿಲ್ಲದವರಿಗಾಗಿ ಒಬ್ಬರು. ಕರ್ತನ ಪ್ರಾರ್ಥನೆಯ ಪಾಠ ಎಲ್ಲರಲ್ಲೂ ಒಂದೇ ಥರ ಇಲ್ಲ. ಅವರವರಿಗೆ ಬಂದಂತೆ ಹೇಳಲಿ, ಸ್ವಲ್ಪ ಗಲಿಬಿಲಿಯಾದರೆ ಆಗಲಿ. ವೇದಿಕೆ ಬೇಡ. ಫಾದರ್, ಪಾಸ್ಟರ್ ಎಲ್ಲರೂ ಜನರ ಜೊತೆಯೇ ಕುಳಿತುಕೊಳ್ಳಲಿ. ಬ್ಯಾನರ್ ಮೇಲೆ ಯಾರ ಫೋಟೊವೂ ಬೇಡ. ಸುಮ್ನೆ ಸಣ್ಣ ವಿಷಯ ಅನಿಸಬಹುದು, ಆದರೆ ಯಾರ ಹೆಸರು ಮೇಲೆ ಬಂತು ಅನ್ನುವುದಕ್ಕೇ ಒಡೆದು ಹೋದ ಕಾರ್ಯಕ್ರಮಗಳು ಬೇಕಾದಷ್ಟಿವೆ.

ಇನ್ನು ಕಷ್ಟದ ಮಾತು. ನಮ್ಮಲ್ಲಿ ಸಭೆ ಸಭೆಗಳ ನಡುವಿನ ಗೋಡೆ ಬರೀ ಬೋಧನೆಯದ್ದಲ್ಲ. ಜಾತಿಯದ್ದು, ಭಾಷೆಯದ್ದು ಕೂಡ. ಕನ್ನಡದವರು, ತಮಿಳಿನವರು, ಕೊಂಕಣಿಯವರು, ಮಲಯಾಳಿಗಳು ಒಂದೇ ಚರ್ಚಿನೊಳಗೇ ಬೇರೆ ಬೇರೆ ಹೊತ್ತಿಗೆ ಬಂದು ಹೋಗುತ್ತಾರೆ. ಇನ್ನು ಯಾರು ಯಾರ ಮನೆಯಲ್ಲಿ ಊಟ ಮಾಡುತ್ತಾರೆ, ಯಾರ ಮನೆಗೆ ಹೆಣ್ಣು ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಎತ್ತುವುದಿಲ್ಲ. 2013ರ ಪ್ರಾರ್ಥನಾ ವಾರದ ಪಠ್ಯವನ್ನು ಇಡೀ ಜಗತ್ತಿಗೆ ಸಿದ್ಧಪಡಿಸಿ ಕೊಟ್ಟದ್ದು ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್. ಅವರು ನ್ಯಾಯದಿಂದ ನಡೆಯಿರಿ ಅನ್ನುವ ಮೀಕ ಪ್ರವಾದಿಯ 6ನೇ ಅಧ್ಯಾಯವನ್ನು ಆರಿಸಿಕೊಂಡು, ದಲಿತರಿಗೆ ಆಗುವ ಅನ್ಯಾಯವನ್ನು ನಡುಮಧ್ಯೆ ಇಟ್ಟರು. ಜಾತಿ ಬಿಡದೆ ಐಕ್ಯದ ಮಾತಾಡಬೇಡಿ ಅಂತಲೇ ಅದರ ಅರ್ಥ. ಆದ್ದರಿಂದ ಪ್ರಾರ್ಥನೆ ಮುಗಿದ ಮೇಲೆ ಬರೀ ಟೀ ಬಿಸ್ಕತ್ತಿಗೆ ನಿಲ್ಲಿಸಬೇಡಿ, ಊಟ ಇಡಿ. ಅಡುಗೆಯನ್ನು ಎಲ್ಲ ಸಭೆಯವರೂ ಸೇರಿ ಮಾಡಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಲಿ. ಯಾರು ಎದ್ದು ಹೋದರು ಅನ್ನುವುದನ್ನು ಗಮನಿಸಿ, ಎಲ್ಲರೆದುರು ಕೇಳಬೇಡಿ. ಮರುದಿನ ಅವರ ಮನೆಗೆ ಹೋಗಿ ಮಾತಾಡಿ.

ಇನ್ನೊಂದು, ಜನ ಎಳೆದುಕೊಳ್ಳುವ ಜಗಳ. "ನಮ್ಮ ಕುರಿಗಳನ್ನು ಕದಿಯುತ್ತಾರೆ" ಅನ್ನುವ ದೂರು ಇಲ್ಲದ ಊರೇ ಇಲ್ಲ. ಇದಕ್ಕೆ ಪ್ರಾರ್ಥನೆ ಒಂದೇ ಸಾಲದು, ಒಪ್ಪಂದ ಬೇಕು. ಬೇರೆ ಸಭೆಯ ಕುಟುಂಬ ನಿಮ್ಮ ಬಾಗಿಲಿಗೆ ಬಂದರೆ, ಅವರಿಗೆ ಹೇಳಿಯೇ ಅವರ ಪಾಸ್ಟರಿಗೋ ಫಾದರಿಗೋ ಫೋನ್ ಮಾಡಿ. ಇದೊಂದು ರೂಢಿಯಾದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ವಾಟ್ಸಾಪ್ ಗ್ರೂಪ್ ಮಾಡಿದರೆ ಜಪಸರದ ವಿರುದ್ಧವೋ ಅನ್ಯಭಾಷೆಯ ವಿರುದ್ಧವೋ ಇರುವ ವಿಡಿಯೊ ಹಾಕುವಂತಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.

ಬೇಗ ಫಲ ಸಿಗಲಿಲ್ಲ ಅಂತ ಬಿಡಬೇಡಿ. ಸಿಎಸ್‌ಐ ಹೇಗೆ ಹುಟ್ಟಿತು ನೋಡಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮತ್ತು ಜೊತೆಯವರು ಮಾತು ಶುರು ಮಾಡಿದರು. ಸಭೆಗಳು ಒಂದಾದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. 28 ವರ್ಷ! ಅಜರಯ್ಯನವರು ಅದನ್ನು ಕಣ್ಣಾರೆ ನೋಡಲಿಲ್ಲ, 1945ರಲ್ಲೇ ತೀರಿಕೊಂಡರು. ಮೈಸೂರು, ಹಾಸನದ ಕಡೆಯ ವೆಸ್ಲಿಯನ್ ಸಭೆಗಳು, ಬಾಸೆಲ್ ಮಿಷನ್ನಿನ ಕೆಲವು ಸಭೆಗಳು, ಆಂಗ್ಲಿಕನ್ನರು ಎಲ್ಲ ಒಂದೇ ಹೆಸರಿನಡಿ ಬಂದದ್ದು ಹೀಗೆ. ಒಪ್ಪದ ಸಭೆಯ ಮೇಲೆ ಹೊಸ ಆರಾಧನಾ ಕ್ರಮವನ್ನಾಗಲಿ, ಬೇಡವಾದ ಪಾಸ್ಟರನ್ನಾಗಲಿ ಹೇರುವುದಿಲ್ಲ ಅಂತ ಮಾತು ಕೊಟ್ಟಿದ್ದರು, ಅದೇ ಅದರ ಗುಟ್ಟು. ನಿಮ್ಮ ಊರಿನಲ್ಲೂ ಯಾರನ್ನೂ ಬಲವಂತ ಮಾಡಬೇಡಿ. ನಾಲ್ಕು ಸಭೆಗಳಲ್ಲಿ ಎರಡು ಬಂದರೂ ನಡೆಸಿ, ಬಾರದವರನ್ನು ಮುಂದಿನ ಸಲವೂ ಕರೆಯಿರಿ.

ಕೆಲವರು ತೊಂದರೆ ಬಂದಾಗ ಮಾತ್ರ ಒಂದಾಗುತ್ತಾರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ಕಥೋಲಿಕರ ಆರಾಧನಾ ಮಠದ ಮೇಲೂ ನ್ಯೂ ಲೈಫ್ ಪಂಗಡದ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಯಾಯಿತು. ಕಲ್ಲು ತೂರುವವರಿಗೆ ನಮ್ಮ ಪಂಗಡಗಳ ಲೆಕ್ಕ ಇರುವುದಿಲ್ಲ. ಆದರೆ ಭಯದಿಂದ ಹುಟ್ಟಿದ ಒಗ್ಗಟ್ಟು ಭಯ ಹೋದ ಕೂಡಲೇ ಕರಗುತ್ತದೆ. ನೆಮ್ಮದಿಯ ದಿನಗಳಲ್ಲೇ ಪರಿಚಯ ಬೆಳೆಸಿ.

ಊಟ ಮುಗಿದು ಜನ ಚಪ್ಪಲಿ ಹುಡುಕುವ ಮುಂಚೆ ಎರಡು ಕೆಲಸ ಮುಗಿಸಿ. ಮುಂದಿನ ಸಲದ ತಾರೀಖು, ಜಾಗ ಗೊತ್ತು ಮಾಡಿ. ಜಾಗ ಆದಷ್ಟೂ ಚಿಕ್ಕ ಸಭೆಯದ್ದಾಗಿರಲಿ. ಮತ್ತೆ ಪ್ರತಿ ಸಭೆಯಿಂದ ಇಬ್ಬರ ಫೋನ್ ನಂಬರ್ ಬರೆದುಕೊಂಡು ಎಲ್ಲರಿಗೂ ಕೊಡಿ. ಊರಿನಲ್ಲಿ ಯಾವ ಕ್ರೈಸ್ತರ ಮನೆಯಲ್ಲಿ ಸಾವಾದರೂ ಮೊದಲ ಫೋನ್ ಆ ಪಟ್ಟಿಗೆ ಹೋಗಲಿ, ಹೆಗಲು ಕೊಡಲು ಎಲ್ಲ ಸಭೆಗಳಿಂದಲೂ ಜನ ಬರಲಿ.