ಆಸಿಡ್ ಟ್ಯಾಂಕಿನ ಆವಿಗೆ ದಾರಿ ಮಾಡಿಕೊಟ್ಟದ್ದು

ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ನೀರು ಶುದ್ಧೀಕರಿಸುವ ಘಟಕ ನನ್ನ ಹೊಣೆ. ನೀರಿನ ಲವಣಗಳನ್ನು ಹಿಡಿದಿಡುವ ರೆಸಿನ್ ಮಣಿಗಳನ್ನು ತೊಳೆಯಲು ಬೇಕಾದ ಶೇ 30ರ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಶೆಡ್ಡಿನೊಳಗಿನ 2,000 ಲೀಟರ್ ಟ್ಯಾಂಕಿಗೆ ತುಂಬುವ ದಿನ ಎಲ್ಲರಿಗೂ ಕೆಮ್ಮು. ಪುಷ್ಯ ಮಳೆ ಹಿಡಿದರಂತೂ ಬಾಗಿಲು ಮುಚ್ಚಿರುತ್ತಿತ್ತು. ತೇವದ ಗಾಳಿಗೆ ಸಿಕ್ಕ ಆವಿ ಬಿಳಿ ಮಂಜಾಗಿ ನೆಲದಲ್ಲೇ ಹರಡುತ್ತಿತ್ತು. ಸಹಾಯಕ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡು ಹೊರಗೆ ಓಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಅದು ನನ್ನ ತಪ್ಪು. ಆವಿ ಫ್ಯಾನ್ ಮುಟ್ಟುವ ಮೊದಲೇ ನಮ್ಮ ಮೂಗನ್ನು ಮುಟ್ಟುತ್ತಿತ್ತು. ಟ್ಯಾಂಕಿಗೆ ನೂರು ಲೀಟರ್ ಆಸಿಡ್ ಇಳಿದರೆ ಆವಿ ತುಂಬಿದ ನೂರು ಲೀಟರ್ ಗಾಳಿ ಹೊರಬರಲೇಬೇಕು. ಅದನ್ನು ತಡೆಯಲಾಗದು, ದಾರಿ ಮಾಡಿಕೊಡಬೇಕು.

ಆಸಿಡ್ ಮೇಲಿನಿಂದ ಸುರಿದು ಚಿಮ್ಮದಂತೆ ತುಂಬುವ ಪೈಪನ್ನು ತಳದವರೆಗೆ ಇಳಿಸಿದೆವು. ಆಸಿಡ್ ಅದೇ ಪೈಪಿನಲ್ಲಿ ಹಿಂದಕ್ಕೆ ಹರಿಯದಿರಲೆಂದು, ಟ್ಯಾಂಕಿನೊಳಗೆ ಆ ಪೈಪಿನ ಮೇಲ್ಭಾಗದಲ್ಲಿ ಸಣ್ಣ ರಂಧ್ರ ಕೊರೆದೆವು. ಮುಚ್ಚಳಕ್ಕೆ ಗ್ಯಾಸ್ಕೆಟ್ ಕೂರಿಸಿ, ಮೂರು ಇಂಚಿನ ಪಿವಿಸಿ ಪೈಪನ್ನು ಶೆಡ್ಡಿನ ಹೊರಗಿನ ನೀರಿನ ಡ್ರಮ್ಮಿಗೆ ಒಯ್ದೆವು. ಈ ಆವಿ ನೀರಿನಲ್ಲಿ ಬಲು ಬೇಗ ಕರಗುತ್ತದೆ. ಪೈಪಿನ ತುದಿ ನೀರಿನಲ್ಲಿ ಮುಳುಗಿರುವುದು ಎರಡೇ ಇಂಚು. ಆಳಕ್ಕೆ ಇಳಿಸಿದರೆ ಟ್ಯಾಂಕಿನ ಮೇಲೆ ಒತ್ತಡ ಬೀಳುತ್ತದೆ. ಮುಂದೆ ಆಸಿಡ್ ಹೊರತೆಗೆಯುವಾಗ ಡ್ರಮ್ಮಿನ ನೀರು ಟ್ಯಾಂಕಿಗೆ ನುಗ್ಗಬಾರದಲ್ಲ, ಅದಕ್ಕಾಗಿ ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಪ್ರತ್ಯೇಕ ವಾಲ್ವ್ ಇಟ್ಟೆವು. ಡ್ರಮ್ಮಿನ ನೀರೂ ಕ್ರಮೇಣ ಆಸಿಡ್ಡೇ ಆಗುತ್ತದೆ. ಪ್ರತಿ ಸಲ ತುಂಬಿದ ನಂತರ ಅದನ್ನು ಸುಣ್ಣ ಹಾಕಿ ಆಮ್ಲೀಯತೆ ಕಳೆದು, ತ್ಯಾಜ್ಯನೀರಿನ ಘಟಕಕ್ಕೆ ಬಿಡುತ್ತೇವೆ.

ಅತಿ ಅಪಾಯದ ಗಳಿಗೆ ಕೊನೆಯದು. ಟ್ಯಾಂಕರಿನವರು ಗಾಳಿಯ ಒತ್ತಡದಿಂದ ಆಸಿಡ್ ತಳ್ಳುತ್ತಾರೆ. ಅದು ಮುಗಿದೊಡನೆ ಅಷ್ಟೂ ಗಾಳಿ ಒಮ್ಮೆಗೇ ನಮ್ಮ ಟ್ಯಾಂಕಿಗೆ ನುಗ್ಗುತ್ತದೆ. "ಇನ್ನು ಸ್ವಲ್ಪ ಇದೆ ಸಾರ್, ಪೂರ್ತಿ ಖಾಲಿ ಮಾಡಿಬಿಡೋಣ" ಎಂದು ಚಾಲಕರು ಹೇಳಿದರೂ, ಹೋಸಿನಲ್ಲಿ ಆಸಿಡ್ ಇರುವಾಗಲೇ ವಾಲ್ವ್ ಮುಚ್ಚಿಸುತ್ತೇನೆ. ಉಳಿದ ಹತ್ತಿಪ್ಪತ್ತು ಲೀಟರ್ ವಾಪಸ್ ಹೋದರೆ ಹೋಗಲಿ.

ಸೋರಿಕೆ ಹುಡುಕಲು ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಕಟ್ಟಿ ಜೋಡಣೆಗಳ ಬಳಿ ಹಿಡಿಯುತ್ತೇವೆ; ಆವಿ ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಮೊದಲ ಸಲ ಅದು ಎದ್ದದ್ದು ನಾವು ಎಣಿಸಿಯೇ ಇರದ ಜಾಗದಲ್ಲಿ: ಮಟ್ಟ ತೋರಿಸುವ ಕೊಳವೆಯ ಮೇಲ್ತುದಿ ತೆರೆದೇ ಇತ್ತು. ಅದನ್ನೂ ಆವಿಯ ಪೈಪಿಗೆ ಸೇರಿಸಿದೆವು.