ಕೈಬಿಟ್ಟರೂ ಸೂರು ನಿಲ್ಲಬೇಕು: ಪಾಪ್-ಅಪ್ ಕ್ಯಾಂಪರ್ ವಿಂಚ್ ನೋಡಿಕೊಳ್ಳುವುದು ಹೇಗೆ?

ಓಹಾಯೋದಲ್ಲಿರುವ ನಮ್ಮ ಗೆಳೆಯರ ಬಳಗದಲ್ಲೇ ಮೂರು ಮನೆಯವರ ಹತ್ತಿರ ಪಾಪ್-ಅಪ್ ಕ್ಯಾಂಪರ್ ಇದೆ. ಮೂರೂ ಸೆಕೆಂಡ್ ಹ್ಯಾಂಡ್. ಕಾರಿನ ಹಿಂದೆ ಎಳೆದುಕೊಂಡು ಹೋಗುವಾಗ ಅದು ಎದೆಮಟ್ಟದ ಒಂದು ಪೆಟ್ಟಿಗೆ, ಅಷ್ಟೇ. ಕ್ಯಾಂಪ್ ಸೇರಿ ಮುಂದಿನ ಹ್ಯಾಂಡಲ್ ತಿರುಗಿಸಿದರೆ ಸೂರು ಮೇಲೇಳುತ್ತದೆ. ಎರಡೂ ಕಡೆ ಮಂಚ ಹೊರಗೆ ಬರುತ್ತದೆ, ಸುತ್ತ ಕ್ಯಾನ್ವಾಸ್ ಗೋಡೆ. ಒಳಗೇ ಒಲೆ, ಸಿಂಕ್. ರಾತ್ರಿಯೆಲ್ಲಾ ಮಳೆ ಹೊಡೆದರೂ ಮಕ್ಕಳ ಹಾಸಿಗೆ ಒದ್ದೆಯಾಗುವುದಿಲ್ಲ, ಬೆಳಿಗ್ಗೆ ಉಪ್ಪಿಟ್ಟಿಗೂ ತೊಂದರೆಯಿಲ್ಲ.

ಆ ಸೂರನ್ನು ಮೇಲೆ ಹಿಡಿದಿರುವುದು ಏನು ಅಂತ ಕೇಳಿದರೆ ಹೆಚ್ಚಿನವರು ನಾಲ್ಕು ಮೂಲೆಯ ಕಂಬ ತೋರಿಸುತ್ತಾರೆ. ಅಲ್ಲ. ಆ ಕಂಬಗಳು ಒಂದರೊಳಗೊಂದು ಜಾರುವ ಕೊಳವೆಗಳು, ತಾವಾಗಿಯೇ ನಿಲ್ಲುವಂಥವಲ್ಲ. ಅವುಗಳನ್ನು ತಳ್ಳಿ ಹಿಡಿದಿರುವುದು ನೆಲದಡಿಯ ಸ್ಟೀಲ್ ಕೇಬಲ್. ಕೇಬಲನ್ನು ಹಿಡಿದಿರುವುದು ವಿಂಚ್, ಅಂದರೆ ಆ ಮುಂದಿನ ಹ್ಯಾಂಡಲ್ ತಿರುಗಿಸಿದಾಗ ಕೇಬಲನ್ನು ಡ್ರಮ್ಮಿಗೆ ಸುತ್ತಿಕೊಳ್ಳುವ ಯಂತ್ರ. ವಿಂಚನ್ನು ಹಿಡಿದಿರುವುದು ಅದರೊಳಗಿನ ಎರಡು ಬ್ರೇಕ್ ಬಿಲ್ಲೆಗಳು. ಮಾರಿ ಬಿಸ್ಕತ್ತಿನಷ್ಟು ಅಗಲ ಇರಬಹುದು. ಮೇಲೆ ಏಸಿ ಕೂರಿಸಿದ್ದರೆ ಅದರದ್ದೇ ನಲವತ್ತು ಕಿಲೋ. ಅದೂ ಸೇರಿ ಇಡೀ ಸೂರಿನ ಭಾರ ಈ ಎರಡು ಬಿಲ್ಲೆಗಳ ಮೇಲೆ.

ಹೋದ ಮೇ ತಿಂಗಳಲ್ಲಿ ಗೆಳೆಯನೊಬ್ಬ ವಿಂಚ್ ಕಿರುಗುಟ್ಟುತ್ತದೆ ಅಂತ ಅದರ ತುಂಬಾ ಸ್ಪ್ರೇ ಎಣ್ಣೆ ಹೊಡೆದ. ಕಿರುಗುಟ್ಟುವುದು ನಿಂತಿತು. ಸೂರು ಮುಕ್ಕಾಲು ಏರಿದಾಗ ಕೈ ಬದಲಿಸಲು ಹ್ಯಾಂಡಲ್ ಬಿಟ್ಟ. ಅದು ಗಿರ್ರನೆ ಹಿಂದಕ್ಕೆ ತಿರುಗಿ ಅವನ ಮುಂಗೈಗೆ ಬಡಿಯಿತು. ಸೂರು ಧಡ್ ಅಂತ ಕೆಳಗೆ ಕೂತಿತು. ಅವನ ಮಗಳು ಆಗ ತಾನೇ ಬಾಗಿಲಿನಿಂದ ಈಚೆ ಬಂದಿದ್ದಳು. ಅವತ್ತಿನಿಂದ ನಾನು ಯಾರ ಕ್ಯಾಂಪರ್ ನೋಡಿದರೂ ಮೊದಲು ವಿಂಚ್ ಹತ್ತಿರ ಹೋಗುತ್ತೇನೆ.

ಈ ಲೇಖನ ಕೈಯಲ್ಲಿ ತಿರುಗಿಸುವ, ಬ್ರೇಕ್ ಇರುವ ವಿಂಚ್ ಬಗ್ಗೆ ಮಾತ್ರ. ಕರೆಂಟಿನ ಅಥವಾ ಹೈಡ್ರಾಲಿಕ್ ಲಿಫ್ಟ್ ಇದ್ದರೆ ಅದನ್ನು ಬಲ್ಲವರಿಗೇ ಬಿಡಿ.

ಹಂತ 1: ತಯಾರಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡ ಕೊಡಿ. ಸೂರು ಪೂರ್ತಿ ಕೆಳಗಿರಲಿ, ನಾಲ್ಕೂ ಚಿಲಕ ಹಾಕಿರಲಿ, ಕೇಬಲ್ ಸಡಿಲವಾಗಿರಲಿ.

ಹಂತ 2: ಕಿವಿಗೊಡಿ

ಹ್ಯಾಂಡಲ್ಲನ್ನು ಏರಿಸುವ ದಿಕ್ಕಿಗೆ ಸ್ವಲ್ಪ ತಿರುಗಿಸಿ. ಕಟಕ್ ಕಟಕ್ ಅಂತ ಕೇಳಬೇಕು. ನಮ್ಮ ಮಾವನವರು ತಿಪಟೂರಿನಿಂದ ಬಂದಿದ್ದಾಗ ಪಕ್ಕದಲ್ಲಿ ನಿಂತು ಕೇಳಿ, "ಗೋಡೆ ಗಡಿಯಾರಕ್ಕೆ ಕೀ ಕೊಟ್ಟ ಹಾಗಿದೆಯಲ್ಲಪ್ಪಾ" ಅಂದರು. ಸರಿಯಾದ ಮಾತು. ಒಂದೊಂದು ಸದ್ದೂ ಬಿಡಿಬಿಡಿಯಾಗಿ, ಗಟ್ಟಿಯಾಗಿ ಬರಬೇಕು. ಮಂಕಾಗಿ, ಬಿಟ್ಟು ಬಿಟ್ಟು ಬಂದರೆ ಒಳಗಿನ ನಾಲಗೆ, ಅಂದರೆ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಪುಟ್ಟ ತುಂಡು, ಹಳೇ ಗ್ರೀಸಿನಲ್ಲಿ ಅಂಟಿಕೊಂಡಿದೆ ಅಂತ ಅರ್ಥ. ಇಳಿಸುವಾಗ ಸದ್ದಿರುವುದಿಲ್ಲ, ಅದು ಸಹಜ.

ಹಂತ 3: ಬ್ರೇಕ್ ಬಿಚ್ಚುವುದು

ಎಡವಟ್ಟಾಗುವುದು ಇಲ್ಲೇ, ಹಾಗಾಗಿ ಸಾವಕಾಶವಾಗಿ ಓದಿ.

ಮೊದಲು ಬ್ರೇಕ್ ಹೇಗೆ ಹಿಡಿಯುತ್ತದೆ ಅಂತ ತಿಳಿದಿರಲಿ. ನಡುವೆ ಒಂದು ಹಲ್ಲುಚಕ್ರ, ಅದರ ಆಚೆ ಈಚೆ ಒಂದೊಂದು ಬಿಲ್ಲೆ. ಹ್ಯಾಂಡಲ್ ಕೂತಿರುವುದು ಮರೆಯ ಮೇಲೆ, ಅಂದರೆ ಸ್ಕ್ರೂ ಥ್ರೆಡ್ ಮೇಲೆ. ಏರಿಸುವ ದಿಕ್ಕಿಗೆ ತಿರುಗಿಸಿದಾಗ ಅದು ಒಳಕ್ಕೆ ಬಿಗಿಯುತ್ತಾ ಮೂರನ್ನೂ ಒತ್ತಿ ಒಂದು ಮಾಡುತ್ತದೆ. ಹಲ್ಲುಚಕ್ರದ ಮೇಲೆ ಸ್ಪ್ರಿಂಗ್ ಇರುವ ಪುಟ್ಟ ನಾಲಗೆಯೊಂದು ಕೂತಿರುತ್ತದೆ. ಅದು ಚಕ್ರವನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ನೀವು ಕೈಬಿಟ್ಟಾಗ ಸೂರಿನ ಭಾರವೇ ಶಾಫ್ಟನ್ನು ತಿರುಗಿಸಲು ಹೋಗಿ ಬಿಲ್ಲೆಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಭಾರ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಬಿಲ್ಲೆಗೆ ಎಣ್ಣೆ ತಾಗಿತೋ, ಈ ಲೆಕ್ಕವೆಲ್ಲಾ ತಲೆಕೆಳಗು.

ಹ್ಯಾಂಡಲ್ ಶಾಫ್ಟಿಗೆ ಸೇರುವ ಕಡೆ ಇರುವ ನಟ್ ಬಿಚ್ಚಿ, ಹ್ಯಾಂಡಲ್ಲನ್ನು ಇಳಿಸುವ ದಿಕ್ಕಿಗೆ ತಿರುಗಿಸಿ ಹೊರಗೆ ತೆಗೆಯಿರಿ. ಕೆಲವು ವಿಂಚ್‌ಗಳಲ್ಲಿ ನಟ್ ಬದಲು ಕ್ಲಿಪ್ ಇರುತ್ತದೆ. ಒಂದೊಂದು ಭಾಗ ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ನೆನಪಿರುತ್ತದೆ ಅಂತ ನಂಬಬೇಡಿ. ಹೊರಗಿನ ಬಿಲ್ಲೆ, ಹಲ್ಲುಚಕ್ರ, ಒಳಗಿನ ಬಿಲ್ಲೆ, ಈ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿ ಇಡಿ. ಹಲ್ಲುಚಕ್ರದ ಹೊರಮುಖಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ. ಅದರ ಹಲ್ಲು ಒಂದು ಕಡೆಗೆ ಓರೆಯಾಗಿರುತ್ತದೆ. ತಿರುವಿ ಹಾಕಿದರೆ ನಾಲಗೆ ಹಿಡಿಯುವುದಿಲ್ಲ, ಬ್ರೇಕೂ ಇಲ್ಲ.

ಈಗ ಬಿಲ್ಲೆ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಬಿಲ್ಲೆ ಮಸುಕಾಗಿ, ಮುಟ್ಟಿದರೆ ಸ್ಲೇಟಿನ ಹಾಗೆ ಸ್ವಲ್ಪ ತರಿಯಾಗಿರುತ್ತದೆ. ಗಾಜಿನ ಹಾಗೆ ಮಿನುಗಿದರೆ, ಅಂಚು ಚಕ್ಕೆ ಎದ್ದಿದ್ದರೆ, ಒಂದೂವರೆ ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಎರಡನ್ನೂ ಬದಲಿಸಿ. ಒಂದೇ ಬದಲಿಸುವ ಉಳಿತಾಯ ಬೇಡ. ಎಣ್ಣೆ ಕುಡಿದ ಬಿಲ್ಲೆಯನ್ನು ತೊಳೆದು, ಒಣಗಿಸಿ, ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ಮೇಲೆ ಒಣಗಿದಂತೆ ಕಂಡರೂ ಎರಡು ಸಲ ಬಿಸಿಯಾದರೆ ಒಳಗಿನ ಎಣ್ಣೆ ಹೊರಗೆ ಜಿನುಗುತ್ತದೆ. ಬಿಸಾಕಿ. ನನ್ನ ಗೆಳೆಯನ ವಿಂಚಿನ ಬಿಲ್ಲೆಯನ್ನು ಟಿಶ್ಯೂ ಪೇಪರಿನ ನಡುವೆ ಇಟ್ಟು ಒತ್ತಿದಾಗ ಪೇಪರಿನ ಮೇಲೆ ಬಳೆಯಂಥ ಎಣ್ಣೆ ಗುರುತು ಮೂಡಿತು. ಈ ಪರೀಕ್ಷೆ ನೀವೂ ಮಾಡಿ ನೋಡಿ.

ಬಿಲ್ಲೆ ತಾಗುವ ಲೋಹದ ಮುಖಗಳನ್ನು ಕಾರಿನ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ತುಕ್ಕಿದ್ದರೆ ನುಣುಪು ಮರಳು ಕಾಗದದಿಂದ ತಿಕ್ಕಿ. ನಾಲಗೆಯನ್ನು ಬೆರಳಿನಿಂದ ಎತ್ತಿ ಬಿಡಿ. ಟಪ್ ಅಂತ ವಾಪಸ್ ಬೀಳಬೇಕು. ಸೋಮಾರಿಯಾಗಿ ಬಂದರೆ ಸುತ್ತಲಿನ ಹಳೇ ಗ್ರೀಸ್ ಕೆರೆದು ತೆಗೆಯಿರಿ, ಸ್ಪ್ರಿಂಗ್ ಸೋತಿದ್ದರೆ ಹೊಸದು ಹಾಕಿ.

ಹಾಗಾದರೆ ಗ್ರೀಸ್ ಎಲ್ಲಿಗೆ? ದೊಡ್ಡ ಗೇರಿನ ಹಲ್ಲುಗಳಿಗೆ ತೆಳುವಾಗಿ ಸವರಿ. ಹ್ಯಾಂಡಲ್ ಕೂರುವ ಥ್ರೆಡ್‌ಗೆ ಬೆಂಕಿಕಡ್ಡಿಯ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟು ಸಾಕು. ಮುಗಿದ ಮೇಲೆ ಕೈ ತೊಳೆದುಕೊಂಡೇ ಬಿಲ್ಲೆ ಮುಟ್ಟಿ. ಸ್ಪ್ರೇ ಡಬ್ಬಿಯನ್ನಂತೂ ವಿಂಚಿನ ಹತ್ತಿರ ತರಲೇಬೇಡಿ, ಅದು ಎಲ್ಲಿ ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ.

ಫೋಟೋ ನೋಡಿಕೊಂಡು, ಬಿಚ್ಚಿದ ಕ್ರಮಕ್ಕೆ ಉಲ್ಟಾ, ಅಂದರೆ ಕೊನೆಗೆ ತೆಗೆದದ್ದನ್ನು ಮೊದಲು ಹಾಕಿ, ಜೋಡಿಸಿ.

ವಿಂಚ್ ಪೂರಾ ಹಾಳಾಗಿದ್ದರೆ ಹೊಸದನ್ನು ಕೊಳ್ಳುವಾಗ ಹುಷಾರು. ದೋಣಿ ಎಳೆಯುವ ಸಾದಾ ವಿಂಚ್ ನೋಡಲು ಹೀಗೇ ಇರುತ್ತದೆ, ಬೆಲೆಯೂ ಕಡಿಮೆ. ಅದರಲ್ಲಿ ಬ್ರೇಕ್ ಇರುವುದಿಲ್ಲ. ಇಳಿಸಲು ನಾಲಗೆ ಎತ್ತಿದ ಕ್ಷಣ ಪೂರ್ತಿ ಭಾರ ನಿಮ್ಮ ಮಣಿಕಟ್ಟಿನ ಮೇಲೆ. ಡಬ್ಬದ ಮೇಲೆ ಬ್ರೇಕ್ ವಿಂಚ್ ಅಂತ ಬರೆದಿರಬೇಕು, ಹಳೆಯದರಷ್ಟೇ ಪೌಂಡ್ ತಡೆಯುವಂತಿರಬೇಕು. ಡ್ರಿಲ್ ಮೆಷಿನ್ ಸಿಕ್ಕಿಸಿ ಏರಿಸುವುದೂ ಬೇಡ. ಬಿಲ್ಲೆ ಕಾಯುತ್ತದೆ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೈಗೆ ಗೊತ್ತೇ ಆಗುವುದಿಲ್ಲ.

ಹಂತ 4: ಕೇಬಲ್ ಸುತ್ತಿರುವ ದಿಕ್ಕು

ಇದು ಯಾರಿಗೂ ಹೊಳೆಯದ ತಪ್ಪು. ಸೂರು ಕೆಳಗೆ ಕೂತ ಮೇಲೂ ಇಳಿಸುವ ದಿಕ್ಕಿಗೆ ತಿರುಗಿಸುತ್ತಲೇ ಇದ್ದರೆ ಕೇಬಲ್ ಡ್ರಮ್ಮಿನಿಂದ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಉಲ್ಟಾ ಸುತ್ತಲು ಶುರುವಾಗುತ್ತದೆ. ಮುಂದಿನ ಸಲ ಅದೇ ದಿಕ್ಕಿಗೆ ತಿರುಗಿಸಿದರೂ ಸೂರು ಏರುತ್ತದೆ! ಸದ್ದಿಲ್ಲದೆ, ಹಗುರಾಗಿ. ವಿಂಚ್ ಸರಿಹೋಯಿತು ಅಂದುಕೊಳ್ಳುತ್ತೀರಿ. ಆದರೆ ಉಲ್ಟಾ ಸುತ್ತಿದ ಕೇಬಲನ್ನು ಬ್ರೇಕ್ ಹಿಡಿಯುವುದೇ ಇಲ್ಲ. ಕಟಕ್ ಸದ್ದಿಲ್ಲದೆ ಸೂರು ಏರಿದರೆ ಹ್ಯಾಂಡಲ್ ಬಿಡಬೇಡಿ. ಇನ್ನೊಬ್ಬರನ್ನು ಕೂಗಿ ನಾಲ್ಕೂ ಮೂಲೆಗೆ ಊರುಗೋಲು ಕೊಡಿಸಿ, ಮೆಕ್ಯಾನಿಕ್ ಕರೆಸಿ.

ಕೆಳಗಿರುವಾಗಲೇ ಕಂಡರೆ ಸುಲಭ. ಕೈಗವಸು ಹಾಕಿ ಕೇಬಲ್ ಬಿಗಿಯಾಗಿ ಹಿಡಿದು, ಕಟಕ್ ಅನ್ನುವ ದಿಕ್ಕಿಗೆ ತಿರುಗಿಸಿ ಸರಿಯಾಗಿ ಸುತ್ತಿಸಿ. ಸೂರು ಪೂರ್ತಿ ಇಳಿದಾಗಲೂ ಡ್ರಮ್ ಮೇಲೆ ಕನಿಷ್ಠ 3 ಸುತ್ತು ಉಳಿದಿರಬೇಕು.

ಕೈಗವಸು ಹೇಗೂ ಹಾಕಿದ್ದೀರಲ್ವಾ, ಕೇಬಲ್ ಉದ್ದಕ್ಕೂ ಕಣ್ಣಾಡಿಸಿ. ಒಂದು ಎಳೆ ಮುಳ್ಳಿನಂತೆ ಎದ್ದಿದ್ದರೂ ಕೇಬಲ್ ಬದಲಿಸುವ ಕಾಲ ಬಂದಿದೆ. ರಾಟೆಗಳು ಸಲೀಸಾಗಿ ತಿರುಗಲಿ.

ಹಂತ 5: ಒಂದಡಿ ಪರೀಕ್ಷೆ

ಮಕ್ಕಳನ್ನು ದೂರ ಕಳಿಸಿ. ನಾಲ್ಕೂ ಚಿಲಕ ತೆಗೆದಿದ್ದೀರಾ ಅಂತ ಸುತ್ತು ಹಾಕಿ ನೋಡಿ. ಒಂದನ್ನು ಮರೆತು ತಿರುಗಿಸಿದರೆ ಕಂಬ ಬಾಗುತ್ತದೆ ಅಥವಾ ಕೇಬಲ್ ಹರಿಯುತ್ತದೆ. ಸೂರನ್ನು ಒಂದೇ ಅಡಿ ಏರಿಸಿ. ಮುಖ, ಮೊಣಕೈ ಎರಡೂ ಹ್ಯಾಂಡಲ್ ತಿರುಗುವ ದಾರಿಯಿಂದ ಆಚೆ ಇರಲಿ. ಹಿಡಿತವನ್ನು ಮೆಲ್ಲಗೆ ಸಡಿಲಿಸಿ. ಹ್ಯಾಂಡಲ್ ಅಲ್ಲಾಡದೆ ಅಲ್ಲೇ ನಿಲ್ಲಬೇಕು. ಬೆರಳಷ್ಟು ಹಿಂದೆ ಸರಿದು ನಿಂತರೂ ನನಗೆ ಒಪ್ಪಿಗೆಯಿಲ್ಲ, ಇಳಿಸಿ ಮತ್ತೆ ಬಿಚ್ಚಿ. ನಿಂತರೆ ಅರ್ಧಕ್ಕೆ ಏರಿಸಿ ಇನ್ನೊಮ್ಮೆ, ಪೂರ್ತಿ ಏರಿಸಿ ಮತ್ತೊಮ್ಮೆ ನೋಡಿ.

ಪೂರ್ತಿ ಅಂದರೆ ಎಷ್ಟು ಅನ್ನುವುದಕ್ಕೂ ಗುರುತಿದೆ. ಹಲವು ಕ್ಯಾಂಪರ್‌ಗಳಲ್ಲಿ ಸೂರಿಗೂ ಕೆಳಗಿನ ಪೆಟ್ಟಿಗೆಗೂ ನಡುವೆ ಒಂದು ಸಣ್ಣ ತಂತಿ ಕಟ್ಟಿರುತ್ತಾರೆ. ಅದು ಬಿಗಿಯಾದ ಕೂಡಲೇ ನಿಲ್ಲಿಸಿ. ಇನ್ನೆರಡು ಸುತ್ತು ಇರಲಿ ಅಂತ ಎಳೆದರೆ ಕೇಬಲ್ ಹರಿಯುತ್ತದೆ.

ಹಂತ 6: ಊರುಗೋಲು

ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ನಮ್ಮ ಮನೆಯಲ್ಲಿ ಇದಿಲ್ಲದೆ ಯಾರೂ ಒಳಗೆ ಕಾಲಿಡುವುದಿಲ್ಲ. ಸೂರು ಪೂರ್ತಿ ಏರಿದಾಗ ಸೂರಿನ ಅಂಚಿನಿಂದ ಪೆಟ್ಟಿಗೆಯ ಅಂಚಿಗೆ ನಾಲ್ಕೂ ಮೂಲೆಯಲ್ಲಿ ಟೇಪ್ ಹಿಡಿದು ಅಳೆಯಿರಿ. ನಾಲ್ಕರದ್ದೂ ಒಂದೇ ಅಳತೆ ಅಂದುಕೊಳ್ಳಬೇಡಿ, ನಮ್ಮದರಲ್ಲಿ ಒಂದು ಮೂಲೆ ಅರ್ಧ ಇಂಚು ಕಡಿಮೆ. ಎರಡಕ್ಕೆ ನಾಲ್ಕು ಇಂಚಿನ ಮರದ ರೀಪನ್ನು ಆ ಅಳತೆಗೆ ಕೊಯ್ಸಿ, ತುದಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಯಾವ ಮೂಲೆಯದು ಅಂತ ಮೇಲೆ ಬರೆಯಿರಿ. ತೆಳು ಪ್ಲಾಸ್ಟಿಕ್ ಪೈಪ್ ಬೇಡ, ಭಾರ ಬಿದ್ದರೆ ಬಳುಕುತ್ತದೆ. ಮೂಲೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಬಟ್ಟೆಯ ಪಟ್ಟಿಯಿಂದ ಕಟ್ಟಿ.

ಇಳಿಸುವ ಮೊದಲು ನಾಲ್ಕನ್ನೂ ತೆಗೆದು, ಎಣಿಸಿ, ಕಾರಿನ ಡಿಕ್ಕಿಯಲ್ಲಿಡಿ. ಕ್ಯಾಂಪರ್ ಒಳಗೇ ಇಟ್ಟರೆ ಮುಂದಿನ ಸಲ ಅದನ್ನು ತೆಗೆಯಲು ಊರುಗೋಲಿಲ್ಲದ ಸೂರಿನಡಿಯೇ ಕೈ ಹಾಕಬೇಕಾಗುತ್ತದೆ.